ಮುಂದಿನ ಚಕ್ರದ ಗಾಳಿ

"ಹನ್ನೊಂದು!" ಎಂದಳು ಪಂಕ್ಚರ್ ಅಂಗಡಿಯಾಕೆ, ಗಾಳಿ ಅಳೆಯುವ ಗೇಜನ್ನು ಅಂಚೆಯಣ್ಣನ ಮೂಗಿಗೇ ಹಿಡಿದು. "ಇಪ್ಪತ್ತೈದು ಇರಬೇಕಾದ ಕಡೆ ಹನ್ನೊಂದು! ಈ ಬೈಕನ್ನ ಓಡಿಸ್ಕೊಂಡು ಬಂದ್ರಾ, ಹೊತ್ಕೊಂಡು ಬಂದ್ರಾ ಅಣ್ಣಾ?"

"ದಿನಾ ಹೆಬ್ಬೆರಳಲ್ಲಿ ಒತ್ತಿ ನೋಡ್ತೀನಮ್ಮ. ಗಟ್ಟಿಯಾಗೇ ಇತ್ತು."

"ಗಟ್ಟಿ ಇರೋದು ರಬ್ಬರು! ಒಳಗೆ ಗಾಳಿ ಇದೆಯೋ ಇಲ್ವೋ ನಿಮ್ಮ ಹೆಬ್ಬೆರಳಿಗೇನು ಗೊತ್ತು? ಮುಂದಿನ ಚಕ್ರ ಹೀಗೆ ಮೆತ್ತಗಾದ್ರೆ ಹ್ಯಾಂಡಲ್ ಅದುರದೆ ಇನ್ನೇನು ಮಾಡುತ್ತೆ?"

ಅಂಚೆಯಣ್ಣ ತನ್ನೆರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡ. ಒಂದು ವಾರದಿಂದ ಪ್ರತಿ ತಿರುವಿನಲ್ಲೂ ಹ್ಯಾಂಡಲ್ ಅದುರುತ್ತಿತ್ತು. ಅದುರುತ್ತಿರುವುದು ತನ್ನ ಕೈಯೇ ಎಂದುಕೊಂಡಿದ್ದ ಅವನು. ಅಪ್ಪನಿಗೂ ಇದೇ ವಯಸ್ಸಿನಲ್ಲಿ ಕೈನಡುಕ ಶುರುವಾಗಿ, ಕೊನೆಕೊನೆಗೆ ನೀರಿನ ಲೋಟ ಬಾಯಿಗೆ ಮುಟ್ಟುತ್ತಿರಲಿಲ್ಲ. ಹೆಂಡತಿಯ ಹತ್ತಿರ ತುಟಿ ಪಿಟಿಕ್ಕೆನ್ನದೆ, ಇನ್ನು ಬೈಕು ಮುಟ್ಟುವುದಿಲ್ಲ, ಕಾಗದ ಹಂಚುವ ಕೆಲಸ ಬೇರೆಯವರಿಗೆ ಕೊಡಿ ಎಂದು ನಾಳೆ ಸಾಹೇಬರಿಗೆ ಹೇಳಿಬಿಡುವುದೆಂದು ತೀರ್ಮಾನಿಸಿದ್ದ.

ಗಾಳಿ ತುಂಬಿದ್ದೇ ತಡ, ಬೈಕ್ ಹತ್ತಿ ಬೀದಿಯ ಕೊನೆಯವರೆಗೆ ಹೋದ. ಹಲ್ಲು ಕಚ್ಚಿ ತಿರುಗಿಸಿದ. ಹ್ಯಾಂಡಲ್ ಎಳ್ಳಷ್ಟೂ ಮಿಸುಕಲಿಲ್ಲ. ನಂಬಿಕೆ ಬರದೆ ಇನ್ನೊಂದು ಸುತ್ತು ಹಾಕಿದ, ನಂಬಿಕೆ ಬಂದ ಮೇಲೆ ಮತ್ತೆರಡು ಸುತ್ತು.

"ಸಾಕು ಬನ್ನಿ ಅಣ್ಣಾ, ನೋಡಿ ನೋಡಿ ನಂಗೇ ತಲೆ ಸುತ್ತು ಬರ್ತಿದೆ!"

"ಇನ್ನೊಂದೇ ಒಂದು ಕಣಮ್ಮ!" ಅಂಚೆಯಣ್ಣ ಬೀದಿಗೆಲ್ಲ ಕೇಳುವಂತೆ ಕೂಗಿದ. "ನೋಡು, ನೋಡು, ಕೈ ಕಲ್ಲಿನ ಹಾಗಿದೆ!"