ವೆಂಕಟಸ್ವಾಮಿ ಓದಿದ ವಿಷಯ

“ಮದ್ಯಪಾನ. ಮದ್ಯಪಾನ. ಮತ್ತೆ ಮದ್ಯಪಾನ.” ಹಲಸೂರಿನ ಲೈಬ್ರರಿಯ ರಿಜಿಸ್ಟರಿನಲ್ಲಿ ವೆಂಕಟಸ್ವಾಮಿಯ ಹೆಸರಿನ ಮುಂದೆ ಬೆರಳಿಟ್ಟು ಓದುತ್ತಿದ್ದ ಮುನಿರಾಜಪ್ಪನ ದನಿ ಇಳಿಯುತ್ತಾ ಹೋಯಿತು.

ಬರುವ ಶುಕ್ರವಾರ ಈ ವೆಂಕಟಸ್ವಾಮಿಗೂ ಮುನಿರಾಜಪ್ಪನ ಮಗಳಿಗೂ ನಿಶ್ಚಿತಾರ್ಥ. ಯುದ್ಧದ ಕಾಲ, ವಿಮಾನದ ಕಾರ್ಖಾನೆಯಲ್ಲಿ ಕೆಲಸವಿದ್ದ ಹುಡುಗ ಸಿಕ್ಕಿದ್ದೇ ಪುಣ್ಯ. ಕಾರ್ಖಾನೆ ಬಿಟ್ಟರೆ ಲೈಬ್ರರಿ, ಬೇರೆ ಕಡೆ ತಲೆ ಹಾಕುವವನಲ್ಲ ಎಂದು ಎಲ್ಲರೂ ಹೇಳಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಜನರನ್ನು ನಂಬದೆ, ಕೆ.ಆರ್. ಪುರದಿಂದ ಮುನಿರಾಜಪ್ಪ ತಾನೇ ವಿಚಾರಿಸಲು ಬಂದಿದ್ದ.

“ಗಾಬರಿ ಬೀಳ್ಬೇಡಿ ಯಜಮಾನ್ರೇ,” ಎಂದರು ಲೈಬ್ರರಿಯ ಆದಿನಾರಾಯಣ. “ಅದು ಪುಸ್ತಕದ ಹೆಸರಲ್ಲ, ವಿಷಯದ ಹೆಸರು.” ಅಚ್ಚಾದ ಪಟ್ಟಿಯೊಂದನ್ನು ದೇವರ ಪಟದ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. “ಇದರಲ್ಲಿರೋ ಹೆಸರು ಬಿಟ್ಟು ಬೇರೆ ಬರೆಯೋ ಹಾಗಿಲ್ಲ. ಕುಡೀರಿ ಅನ್ನೋ ಪುಸ್ತಕಾನೂ ಮದ್ಯಪಾನ, ಕುಡೀಬೇಡಿ ಅನ್ನೋದೂ ಮದ್ಯಪಾನ.”

“ಕಳ್ಳನ್ನೂ ಪೊಲೀಸನ್ನೂ ಒಂದೇ ರೂಮಿಗೆ ಹಾಕಿದ್ರೆ ಹೆಂಗೆ ಸ್ವಾಮಿ?”

“ಹುಡುಕೋರಿಗೆ ಸುಲಭ.”

ಆದಿನಾರಾಯಣ ಕಪಾಟಿನಿಂದ ಆ ಪುಸ್ತಕವನ್ನೇ ತಂದು ಮುಂದಿಟ್ಟರು. ಹೆಸರು ‘ನಲವತ್ತೆಂಟು ದಿನಗಳಲ್ಲಿ ಕುಡಿತ ಬಿಡುವ ಬಗೆ’. ಮೂರು ಸಲವೂ ಹುಡುಗ ಒಯ್ದದ್ದು ಇದನ್ನೇ. ಮುನಿರಾಜಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಬಂದ ಜೀವ ಹೆಚ್ಚು ಹೊತ್ತು ನಿಲ್ಲಲಿಲ್ಲ.

“ಬಿಡೋಕೆ ಮುಂಚೆ ಹಿಡಿದಿರ್ಬೇಕಲ್ವಾ ಸ್ವಾಮಿ? ಅದೂ ಮೂರು ಸಲ.”

“ಅದನ್ನ ಬರೆಯೋಕೆ ನಮ್ಮ ರಿಜಿಸ್ಟರಲ್ಲಿ ಕಾಲಂ ಇಲ್ಲ,” ಎಂದರು ಆದಿನಾರಾಯಣ.

ಸಂಬಂಧವೇ ಬೇಡವೆಂದು ಮುನಿರಾಜಪ್ಪ ಎದ್ದ. ಎದ್ದವನು ನಿಂತಲ್ಲೇ ಪುಸ್ತಕ ತೆರೆದ. ‘ಇದೇ ಕೊನೆಯ ಲೋಟ ಎಂದು ದಿನವೂ ಹೆಂಡತಿಗೆ ಆಣೆ ಇಡುವವನು’ ಎಂಬಲ್ಲಿ ಅವನ ಬೆರಳು ನಿಂತಿತು. ಮೆಲ್ಲಗೆ ಮತ್ತೆ ಕುಳಿತ. ಆ ಅಧ್ಯಾಯ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ಪುಸ್ತಕವನ್ನು ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿಕೊಂಡ.

“ಎರಡು ವಾರಕ್ಕೆ ತಗೊಂಡೋಗ್ತೀನಿ.”

ಆದಿನಾರಾಯಣ ಲೇಖನಿಯನ್ನು ಮಸಿಗೆ ಅದ್ದಿದರು. “ಯಾರ ಹೆಸರಿಗೆ ಬರೀಲಿ?”

“ನನ್ನ ಹೆಸರು ಬೇಡ,” ಎಂದ ಮುನಿರಾಜಪ್ಪ. “ನಮ್ಮ ಅಳಿಯಂದ್ರ ಹೆಸರಿಗೇ ಬರ್ಕೊಳ್ಳಿ.”