ಒರಗಿ ನಿಂತ್ಕೊಳ್ಳಿ

ಹೆಂಡತಿ ತನ್ನನ್ನು ಪ್ರಪಾತಕ್ಕೆ ತಳ್ಳಲೆಂದೇ ಈ ಪ್ರವಾಸ ಹೊರಡಿಸಿದ್ದಾಳೆ ಎಂಬ ಅನುಮಾನ ಗಂಡನಿಗೆ ಬಂದದ್ದು ಜಲಪಾತದ ಮುಂದೆ.

"ಇನ್ನೂ ಹಿಂದೆ ಹೋಗಿ," ಎಂದಳು ಅವಳು, ಮೊಬೈಲ್ ಎತ್ತಿ ಹಿಡಿದು. "ಗೋಡೆಗೆ ಒರಗಿ ನಿಂತ್ಕೊಳ್ಳಿ. ಮಗು ನಿಂತಿದ್ದ ಹಾಗೇ."

ರಸ್ತೆಯಂಚಿನ ಗೋಡೆ ಸೊಂಟದೆತ್ತರವಿತ್ತು. ಅದರಾಚೆ ನೀರು ಬೀಳುವ ಸದ್ದು ಕೇಳುತ್ತಿತ್ತು, ತಳ ಕಾಣುತ್ತಿರಲಿಲ್ಲ. ಅವನು ಒಂದು ಮಾರು ದೂರದಲ್ಲೇ ನಿಂತ.

"ಅಂಗಿ ಕೊಳೆಯಾಗುತ್ತೆ."

"ಒಗೆಯೋಳು ನಾನೇ ತಾನೇ?"

ಬೇರೆ ಕಾಲದಲ್ಲಾದರೆ ಇಬ್ಬರೂ ನಗುತ್ತಿದ್ದರು. ಅವಳು ಫೋಟೋ ತೆಗೆಯದೆ ಕಾರು ಹತ್ತಿದಳು.

ಮಗು ಎಂದರೆ ಅವರ ಒಬ್ಬಳೇ ಮಗಳು. ಹೊಸದಾಗಿ ಡ್ರೈವಿಂಗ್ ಕಲಿತಿದ್ದವಳು ಕಳೆದ ಚಳಿಗಾಲದಲ್ಲಿ ಈ ಬೆಟ್ಟದ ದಾರಿಯನ್ನು ನೋಡಲು ಒಬ್ಬಳೇ ಬಂದಿದ್ದಳು. ತಾಯಿ ತವರಿನಿಂದ ಫೋನಿನಲ್ಲೇ ಬೇಡವೆಂದು ಗೋಗರೆದಿದ್ದಳು. "ನಾನು ತಿರುಗಿದ ದಾರಿ, ಕಣ್ಣಿಗೆ ಹಬ್ಬ, ಹೋಗಿ ಬಾ," ಎಂದು ಕೀಲಿ ಕೊಟ್ಟವನು ಅಪ್ಪ. ಮಗಳು ನಿಂತ ನಿಂತಲ್ಲೆಲ್ಲ ಕಾರಿನ ಮೇಲೆ ಕ್ಯಾಮರಾ ಇಟ್ಟು, ಗೋಡೆಗೆ ಒರಗಿ, ತನ್ನದೇ ಫೋಟೋ ತೆಗೆದುಕೊಂಡಿದ್ದಳು. ಕೊನೆಯ ತಾಣದ ಫೋಟೋ ಮಾತ್ರ ಇರಲಿಲ್ಲ. ಅಲ್ಲಿ ಅವಳು ಕೆಳಗಿನ ಬಂಡೆಗಳ ಮೇಲೆ ಸಿಕ್ಕಿದಳು.

"ಗೋಡೆ ಹತ್ತಿ ಕೂತಿರ್ಬೇಕು, ಜಾರಿದಾಳೆ," ಎಂದು ಅವನೇ ಎಲ್ಲರಿಗೂ ಹೇಳಿದ. ಪೊಲೀಸರೂ ತಲೆಯಾಡಿಸಿದರು. ತವರಿನಲ್ಲಿದ್ದ ಹೆಂಡತಿ ಮರುದಿನ ಬಂದು ಆ ಗೋಡೆಯನ್ನು ತಬ್ಬಿಕೊಂಡು ಅತ್ತಳು. ಅವಳ ಅಂಗೈ, ಕೆನ್ನೆಗಳಿಗೆಲ್ಲ ಸುಣ್ಣ ಮೆತ್ತಿತ್ತು. ಅಂದಿನಿಂದ ಅವಳ ಬಾಯಿಗೆ ಬೀಗ. ನಿನ್ನೆ ಮಾತ್ರ, ಪಾತ್ರೆ ತೊಳೆಯುತ್ತ, ತಿರುಗಿಯೂ ನೋಡದೆ ಹೇಳಿದಳು: "ಅವಳು ನೋಡಿದ್ದನ್ನೆಲ್ಲ ನೋಡ್ಬೇಕು. ಕರ್ಕೊಂಡು ಹೋಗಿ. ಕೆಲಸ ಕೆಲಸ ಅಂತ ವರ್ಷಗಟ್ಟಲೆ ಅಲ್ಲೇ ಬಿದ್ದಿದ್ರಲ್ಲ."

ಕೀಲಿ ಕೊಟ್ಟವನನ್ನು ಯಾವ ತಾಯಿ ಕ್ಷಮಿಸುತ್ತಾಳೆ?

ಮುಂದಿನ ತಾಣ ಹಳೆಯ ಕಮಾನು ಸೇತುವೆ. ಅವರ ಅಜ್ಜಂದಿರು ಹುಟ್ಟುವ ಮೊದಲೇ ಕಟ್ಟಿದ್ದು. ಒಬ್ಬಿಬ್ಬರು ಗಾಳ ಹಾಕಿಕೊಂಡು ಕುಳಿತಿದ್ದರು. ಅಲ್ಲಿ ಅವನು ಹೇಳಿಸಿಕೊಳ್ಳಲೂ ಇಲ್ಲ. ಮೊಣಕೈಯೂರಿ, ಇಡೀ ಬೆನ್ನಿನ ಭಾರ ಬಿಟ್ಟು ಒರಗಿದ. ಕೆಳಗೆ ನದಿ ಕಪ್ಪಗೆ ಹರಿಯುತ್ತಿತ್ತು.

ಅವಳು ಫೋಟೋ ತೆಗೆದಳು. ಅದನ್ನೇ ಬಹಳ ಹೊತ್ತು ನೋಡಿದಳು.

"ಇಲ್ಲಿ ಭಯ ಇಲ್ವಾ?"

"ಭಯ ಯಾತಕ್ಕೆ?" ಎಂದ ಅವನು.

ಕಣಿವೆಯ ನೋಟದ ತಿರುವಿನಲ್ಲಿ ಅವಳು ಅವನನ್ನು ಕರೆಯಲೇ ಇಲ್ಲ. ತಾನೇ ಹೋಗಿ ಗೋಡೆಯ ಮೇಲೆ ಕೈಯಿಟ್ಟು ಮುಂದಕ್ಕೆ ಬಾಗಿದಳು. ಅವನು ಓಡಿ ಬಂದು ಅವಳ ರಟ್ಟೆ ಹಿಡಿದು ಎಳೆದ. ಬಳೆಯೊಂದು ಒಡೆಯಿತು.

"ಒರಗ್ಬೇಡ!"

"ಯಾಕೆ?"

"ಗಾಳಿ... ಗಾಳಿ ಜಾಸ್ತಿ ಇದೆ."

ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅವಳು ಅಂಗೈಗೆ ಹತ್ತಿದ ಮರಳನ್ನು ಸೆರಗಿಗೆ ಒರೆಸಿಕೊಂಡಳು.

ಕೊನೆಯ ತಾಣಕ್ಕೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ತಳ್ಳುವುದಾದರೆ ಇಲ್ಲೇ. ತಳ್ಳಲಿ ಎಂದೂ ಒಂದು ಕ್ಷಣ ಅನಿಸಿತು. ಮಗಳಿಲ್ಲದ ಮನೆ ಅವನಿಗೂ ಸಾಕಾಗಿತ್ತು. ಆದರೂ ಕಾರಿನಿಂದ ಇಳಿಯುವಾಗ ಅವಳ ಕೈಗಳ ಮೇಲೇ ಅವನ ಕಣ್ಣು.

ಅವಳು ಅವನ ಹಿಂದೆ ಬರಲಿಲ್ಲ. ರಸ್ತೆಯ ಆಚೆ ಬದಿಗೆ ಹೋಗಿ ಗುಡ್ಡಕ್ಕೆ ಬೆನ್ನು ಹಚ್ಚಿ ನಿಂತಳು.

"ನಾನು ಇಲ್ಲೇ ಇರ್ತೀನಿ. ಹತ್ರಾನೂ ಬರಲ್ಲ. ನೀವು ಒರಗಿ ನಿಂತ್ಕೊಳ್ಳಿ, ಸಾಕು."

ಅಷ್ಟು ದೂರದಿಂದ ಯಾರೂ ಯಾರನ್ನೂ ತಳ್ಳಲಾರರು. ಅವನು ಗೋಡೆಯ ಕಡೆ ತಿರುಗಿದ. ಕೈ ಚಾಚಿದ. ಕೈ ಗೋಡೆಯನ್ನು ಮುಟ್ಟಲಿಲ್ಲ.

"ಆಗಲ್ಲ ಕಣೇ."

ಅವಳು ಮೊಬೈಲ್ ಕೆಳಗಿಳಿಸಿದಳು. ಅಳು ತಡೆದುಕೊಂಡು ಕೇಳಿದಳು: "ಹತ್ತಿ ಕೂತಿರ್ಲಿಲ್ಲ ಅಲ್ವಾ ನನ್ನ ಮಗು? ಬರೀ ಒರಗಿದ್ಲು."

ಸೇತುವೆಯೊಂದನ್ನು ಬಿಟ್ಟು ಆ ದಾರಿಯ ಗೋಡೆಗಳನ್ನೆಲ್ಲ ಕಟ್ಟಿಸಿದವನು, ಮಗಳು ಬಿದ್ದ ದಿನವೇ, ತಾಯಿ ಬಂದು ನೋಡುವ ಮೊದಲೇ, ಕುಸಿದಿದ್ದ ಇದೊಂದನ್ನು ಮತ್ತೆ ಕಟ್ಟಿಸಿ ಸುಣ್ಣ ಬಳಿಸಿದವನು, ಆ ಗುತ್ತಿಗೆದಾರ, ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ.