ಸ್ಯಾಂಪಲ್ ಸಾರು

ರುದ್ರಾಣಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಸಿಪ್ಪೆ ಊದಿದರೆ ಸದ್ದಾದೀತೆಂದು ಬೆರಳಲ್ಲೇ ಸರಿಸುತ್ತಿದ್ದಳು. ಪಡಸಾಲೆಯಲ್ಲಿ ಅವಳ ಎರಡು ದಿನದ ಹಣೆಬರಹ ತೀರ್ಮಾನವಾಗುತ್ತಿತ್ತು.

ಬೃಂದಾವನದ ಬಣ್ಣದ ಕಾರಂಜಿ ತೋರಿಸಲು ಚನ್ನಗಿರಿಯಿಂದ ಬಸ್ಸು ಹೊರಡಿಸುತ್ತಿದ್ದ ಷಣ್ಮುಖಪ್ಪ, ಬಸ್ ಚಾರ್ಜು ಬೇರೆ, ಊಟದ ದುಡ್ಡು ಬೇರೆ ಎಂದು ವಿವರಿಸುತ್ತಿದ್ದ. "ಊಟ ಬೇಕನ್ನೋರು ಮುಂಚೇನೇ ಕಟ್ಟಬೇಕ್ರಿ. ಅಡುಗೆಯೋನು, ಪಾತ್ರೆ ಎಲ್ಲಾ ಬಸ್ಸಿನಾಗೇ ಬರ್ತಾವೆ. ತಲೆಗೆ ಹನ್ನೆರಡು ರೂಪಾಯಿ. ಎರಡು ದಿನ ಕೈ ತೊಳಕಂಡು ಕೂತ್ರೆ ಸಾಕು."

"ಕೈ ತೊಳಕಣಾಕೆ ಹನ್ನೆರಡು ರೂಪಾಯಾ?" ಎಂದರು ಅತ್ತೆ ಸಿದ್ದಲಿಂಗಮ್ಮ. "ಮನ್ಯಾಗೆ ಸೊಸೆ ಅದಾಳೆ. ಒಂದು ಬುಟ್ಟಿ ರೊಟ್ಟಿ ಬಡೀತಾಳೆ. ಅವಳಿಗೇನು ತಲೆಗಿಷ್ಟು ಅಂತ ಕಟ್ಟಬೇಕಾ?"

ಹೋದ ವರ್ಷ ಜೋಗಕ್ಕೆ ಹೋದಾಗ ರೊಟ್ಟಿ ಬುಟ್ಟಿ ರುದ್ರಾಣಿಯ ತೊಡೆಯ ಮೇಲೇ ಕೂತು ಪ್ರಯಾಣ ಮಾಡಿತ್ತು. ಎಲ್ಲರಿಗೂ ಬಡಿಸಿ ತಾನು ಕೂರುವಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದಿದ್ದ. ಜೋಗದಲ್ಲಿ ಅವಳು ಹೆಚ್ಚಾಗಿ ನೋಡಿದ್ದು ಚಟ್ನಿಪುಡಿಯ ಡಬ್ಬಿಯನ್ನು. ಈ ಸಲ ಒಂದು ಊಟಕ್ಕಾದರೂ ಎಲ್ಲರ ಜೊತೆ ಸಾಲಿನಲ್ಲಿ ಕೂರಬೇಕು, ಬೇರೆ ಯಾರಾದರೂ ಬಂದು ತನ್ನ ಎಲೆಗೆ ಬಡಿಸಬೇಕು ಎಂಬುದೇ ಅವಳ ಆಸೆ. ಹಾಗೆ ಕೂತದ್ದು ತನ್ನ ಮದುವೆಯ ದಿನ ಮಾತ್ರ. ಅವತ್ತು ನಾಚಿಕೆಗೆ ಎರಡು ತುತ್ತೂ ಉಂಡಿರಲಿಲ್ಲ.

ಮಾವ ಮುರುಗೇಶಪ್ಪ ಅಡಿಕೆ ಮಂಡಿಯವರು. ಚೀಲದ ತಳದವರೆಗೆ ಕೈ ಹಾಕಿ, ಒಂದು ಅಡಿಕೆ ತೆಗೆದು ಕತ್ತರಿಸಿ ನೋಡದೆ ರೇಟು ಹೇಳಿದವರಲ್ಲ.

"ನೋಡ್ರಿ ಷಣ್ಮುಖಪ್ಪಾರೆ, ಸ್ಯಾಂಪಲ್ ನೋಡ್ದೆ ನಾನು ಮಾಲು ಹಿಡಿಯಲ್ಲ. ನಿಮ್ಮ ಅಡುಗೆಯೋನು ಮಾಡಿದ್ದು ಒಂದೂಟ ಕಳಿಸ್ರಿ. ಚಲೋ ಇದ್ರೆ ಮನೆಮಂದಿಗೆಲ್ಲಾ ಕಟ್ತೀನಿ."

"ಸಾರಿಗೂ ಸ್ಯಾಂಪಲ್ಲೇನ್ರಿ?"

"ಯಾಕೆ, ಸಾರು ಮಾಲಲ್ಲೇನು?"

ಮರುದಿನ ಮಧ್ಯಾಹ್ನ ಷಣ್ಮುಖಪ್ಪ ಕಳಿಸಿದ ಊಟದ ಕ್ಯಾರಿಯರ್ ಬಂತು. "ಬಿಸಿ ಮಾಡಿ ತಗಂಬಾರವ್ವ" ಎಂದು ಮಾವ ಅದನ್ನು ಒಳಗೆ ಕೊಟ್ಟರು. ಅತ್ತೆ ಲಿಂಗಪೂಜೆಗೆ ಕೂತಿದ್ದರು. ರುದ್ರಾಣಿ ಮುಚ್ಚಳ ತೆಗೆದು ಒಂದು ಹನಿ ಸಾರನ್ನು ನಾಲಿಗೆಗೆ ಹಾಕಿಕೊಂಡಳು. ಸೌಟು ತೊಳೆದ ನೀರಿಗೂ ಇದಕ್ಕಿಂತ ರುಚಿ ಇರುತ್ತದೆ. ಗೋಡೆಗೆ ಒರಗಿಸಿದ್ದ ರೊಟ್ಟಿ ಹಂಚು ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಅವಳು ಪೂಜೆಕೋಣೆಯ ಕಡೆ ಒಮ್ಮೆ ಇಣುಕಿದಳು. ಬೆಂದ ಬೇಳೆ ಒಂದು ಸೌಟು, ಉಪ್ಪು, ಹುಣಸೆರಸ, ಚೂರು ಬೆಲ್ಲ ಸಾರಿಗೆ ಬಿದ್ದವು. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆಗೆ ಹಾಕಿ, ಅದು ಚಟಪಟ ಅನ್ನುವ ಮೊದಲೇ ಮೇಲೆ ತಟ್ಟೆ ಮುಚ್ಚಿದಳು. ಪಲ್ಯಕ್ಕೆ ಶೇಂಗಾ ಪುಡಿ ಉದುರಿಸಿದಳು. ಎಲ್ಲವನ್ನೂ ಮತ್ತೆ ಕ್ಯಾರಿಯರ್‌ಗೆ ತುಂಬಿ ಅಂಚು ಒರೆಸಿದಳು.

ಮುರುಗೇಶಪ್ಪ ಮೊದಲ ತುತ್ತನ್ನು ಕಣ್ಣು ಮುಚ್ಚಿ ಅಗಿದರು. ಎರಡನೆಯದಕ್ಕೆ ಕಣ್ಣು ತೆರೆದರು. ಆಮೇಲೆ ಬೆರಳು ನೆಕ್ಕುತ್ತಾ ಉಂಡರು. ಸಿದ್ದಲಿಂಗಮ್ಮ ರುಚಿ ನೋಡಲೆಂದು ಕೂತವರು ಕ್ಯಾರಿಯರ್ ಬಳಿದಿಟ್ಟರು.

"ಮೂರು ವರ್ಷ ಆತು ನೀನು ಬಂದು" ಎಂದರು ಸೊಸೆಗೆ. "ಒಂದಿನಾನಾರ ಹಿಂಗೆ ಸಾರು ಮಾಡೀಯಾ? ಗಂಡಸು ಮಾಡಿರೋದು ಇದು. ನೋಡಿ ಕಲ್ಕ."

"ಕಲಿತೀನಿ ಅತ್ತೆ" ಎಂದಳು ರುದ್ರಾಣಿ ತಲೆ ತಗ್ಗಿಸಿ.

ಸಂಜೆ ಷಣ್ಮುಖಪ್ಪ ಮುಖ ಸಣ್ಣದು ಮಾಡಿಕೊಂಡೇ ಬಂದ. ಮುರುಗೇಶಪ್ಪ ಮನೆಮಂದಿಗೆಲ್ಲ ಊಟದ ದುಡ್ಡು ಕಟ್ಟಿದಾಗ ಅವನಿಗೇ ನಂಬಿಕೆ ಬರಲಿಲ್ಲ. "ಒಂದು ಮಾತು" ಎಂದರು ಅವರು. "ಸ್ಯಾಂಪಲ್ ಹೆಂಗೈತೋ ಮಾಲೂ ಹಂಗೇ ಬರಬೇಕು."

"ಅದೇ ಕೈ, ಅದೇ ಸಾರು ಕಣ್ರಿ" ಎಂದು ಷಣ್ಮುಖಪ್ಪ ಆಣೆ ಮಾಡಿದ.

ಬಸ್ಸು ಅರಸೀಕೆರೆ ದಾಟಿ ಒಂದು ಮಾವಿನ ತೋಪಿನಲ್ಲಿ ನಿಂತಿತು. ಊಟಕ್ಕೆ ಕಟ್ಟಿದವರೆಲ್ಲ ಸಾಲಾಗಿ ಕೂತರು. ಸಾಲಿನ ಕೊನೆಗೆ, ಅತ್ತೆಯ ಪಕ್ಕದಲ್ಲೇ, ರುದ್ರಾಣಿ. ಅವಳ ಮುಂದೆಯೂ ಒಂದು ಮುತ್ತುಗದ ಎಲೆ ಬಂತು. ಎಲೆಗೆ ಅನ್ನ ಬಂತು. ಅನ್ನದ ಮೇಲೆ ಸಾರು ಬಿದ್ದು, ನಿಲ್ಲದೆ ಹರಿದು, ಎಲೆಯ ಆಚೆ ಹೋಯಿತು.

ಮುರುಗೇಶಪ್ಪ ಒಂದು ತುತ್ತು ಬಾಯಿಗಿಟ್ಟು ಕೈ ಹಿಂದಕ್ಕೆ ತೆಗೆದರು. "ಷಣ್ಮುಖಪ್ಪಾರೆ, ಬರ್ರಿ ಇಲ್ಲಿ. ಚೀಲದ ಬಾಯಾಗೆ ಒಂದು, ತಳದಾಗೆ ಒಂದು ತುಂಬೀರಿ. ನಮ್ಮ ಅಡಿಕೆ ಮಂಡಿಯಾಗೆ ಇಂಥ ಕೆಲಸ ಮಾಡಿದೋರನ್ನ ಏನ್ಮಾಡ್ತೀವಿ ಗೊತ್ತೇನ್ರಿ?"

"ದೇವರಾಣೆಗೂ ಅದೇ ಅಡುಗೆಯೋನು ರೀ."

ಬಡಿಸುತ್ತಿದ್ದ ಅಡುಗೆಯವನು ಸೌಟು ಹಿಡಿದುಕೊಂಡೇ ತಿರುಗಿದ. "ನಾನು ಅವತ್ತೂ ಹಿಂಗೇ ಮಾಡಿದ್ದು ಯಜಮಾನ್ರೆ. ನನಗೆ ಬರೋದೇ ಇಷ್ಟು."

ಸಿದ್ದಲಿಂಗಮ್ಮ ಸಾರಿನಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಏನನ್ನೋ ಹುಡುಕುವವರಂತೆ ಇನ್ನೊಮ್ಮೆ ಅದ್ದಿದರು. ಆಮೇಲೆ ನಿಧಾನವಾಗಿ ಸೊಸೆಯ ಕಡೆ ತಿರುಗಿದರು. ಮುರುಗೇಶಪ್ಪನೂ ಅತ್ತಲೇ ನೋಡಿದರು. ಬೇರೆಯವರ ಎಲೆಗಳಲ್ಲಿ ಅನ್ನ ಹಾಗೇ ಇತ್ತು. ರುದ್ರಾಣಿಯ ಎಲೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ.

ಅವಳು ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಅಡುಗೆಯವನಿಗೆ ಹೇಳಿದಳು.

"ಅಣ್ಣಾರೆ, ನನಗೆ ಇನ್ನೊಂದೀಟು ಸಾರು ಹಾಕ್ರಿ."